ಅಹಿಂಸಾತ್ಮಕ ಸಂವಹನದ ಅಭ್ಯಾಸ ಮತ್ತು ಮೊಬೈಲ್ ಆ್ಯಪ್‌ಗಳು

ಅಹಿಂಸಾತ್ಮಕ ಸಂವಹನ ಎಂಬುದು ಅಮೆರಿಕದ ಮನೋವಿಜ್ಞಾನಿ ಮಾರ್ಷಲ್ ರೋಸೆನ್‌ಬರ್ಗ್ ಅವರು ೧೯೬೦ರ ದಶಕದಿಂದ ಆರಂಭಿಸಿ ರೂಪಿಸಿದ ಸಂವಹನ ಪದ್ಧತಿ. ದೂಷಣೆ, ತೀರ್ಪು ಮತ್ತು ಬೆದರಿಕೆಗಳ ಬದಲಿಗೆ, ನಡೆದ ಸಂಗತಿ, ಆಗ ಮೂಡಿದ ಭಾವನೆ, ಆ ಭಾವನೆಯ ಹಿಂದಿರುವ ಅಗತ್ಯ ಹಾಗೂ ಸ್ಪಷ್ಟವಾದ ಕೋರಿಕೆ ಎಂಬ ನಾಲ್ಕು ಅಂಶಗಳ ಮೂಲಕ ಮಾತನಾಡುವುದನ್ನೂ ಆಲಿಸುವುದನ್ನೂ ಈ ಪದ್ಧತಿ ಕಲಿಸುತ್ತದೆ. ಮೊದಲು ಕಾರ್ಯಾಗಾರಗಳಲ್ಲಿ ಮತ್ತು ಅಭ್ಯಾಸ ಗುಂಪುಗಳಲ್ಲಿ ಕಲಿಯಲಾಗುತ್ತಿದ್ದ ಈ ಪದ್ಧತಿಯ ಕೆಲವು ಭಾಗಗಳನ್ನು, ಅದರಲ್ಲೂ ಭಾವನೆಗಳನ್ನು ಗುರುತಿಸಿ ಹೆಸರಿಸುವ ಭಾಗವನ್ನು, ಸ್ಮಾರ್ಟ್‌ಫೋನ್ ಬಳಕೆ ಹೆಚ್ಚಿದ ಮೇಲೆ ಮೊಬೈಲ್ ಆ್ಯಪ್‌ಗಳ ನೆರವಿನಿಂದಲೂ ಅಭ್ಯಾಸ ಮಾಡಲಾಗುತ್ತಿದೆ. ಇಂತಹ ಆ್ಯಪ್‌ಗಳು ಮಾತುಕತೆಗೆ ಮುಂಚಿನ ಸಿದ್ಧತೆಗೆ ಹಾಗೂ ಮಾತುಕತೆಯ ನಂತರದ ಅವಲೋಕನಕ್ಕೆ ಸಹಾಯಕವಾಗಿವೆ. ಆದರೆ ಎದುರಿಗಿರುವ ವ್ಯಕ್ತಿಯೊಡನೆ ನಡೆಯಬೇಕಾದ ಮಾತುಕತೆಗೆ ಅವು ಬದಲಿಯಾಗುವುದಿಲ್ಲ.

ಹಿನ್ನೆಲೆ

ಮಾರ್ಷಲ್ ರೋಸೆನ್‌ಬರ್ಗ್ ಅವರು ೧೯೩೪ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ನಗರದಲ್ಲಿ ಜನಿಸಿದರು. ೧೯೪೩ರಲ್ಲಿ ಅವರ ಕುಟುಂಬ ಡೆಟ್ರಾಯಿಟ್ ನಗರಕ್ಕೆ ಬಂದು ನೆಲೆಸಿದ ಸ್ವಲ್ಪ ಸಮಯದಲ್ಲೇ ಅಲ್ಲಿ ಜನಾಂಗೀಯ ಗಲಭೆ ನಡೆದು ೩೪ ಮಂದಿ ಸತ್ತರು. ಯೆಹೂದಿ ಹೆಸರಿನ ಕಾರಣಕ್ಕೆ ಶಾಲೆಯಲ್ಲಿ ಸಹಪಾಠಿಗಳಿಂದ ಪೆಟ್ಟು ತಿಂದ ಅನುಭವವೂ ಅವರಿಗಿತ್ತು. ಕೆಲವರು ಹಿಂಸೆಗೆ ಏಕೆ ಇಳಿಯುತ್ತಾರೆ, ಕಷ್ಟದ ಸನ್ನಿವೇಶದಲ್ಲೂ ಕೆಲವರು ಕರುಣೆಯನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬ ಎರಡು ಪ್ರಶ್ನೆಗಳು ಬಾಲ್ಯದ ಈ ಅನುಭವಗಳಿಂದ ಹುಟ್ಟಿದವು ಎಂದು ಅವರು ಬರೆದಿದ್ದಾರೆ. ೧೯೬೧ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಚಿಕಿತ್ಸಾ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಅವರ ಮೇಲೆ, ಆ ಕಾಲದಲ್ಲಿ ಅಲ್ಲಿ ಪ್ರಾಧ್ಯಾಪಕರಾಗಿದ್ದ ಕಾರ್ಲ್ ರೋಜರ್ಸ್ ಅವರ ಪ್ರಭಾವ ಗಾಢವಾಗಿತ್ತು. ಸಲಹೆ ನೀಡುವುದಕ್ಕಿಂತ ಎದುರಿನವರ ಮಾತನ್ನು ತೀರ್ಪಿಲ್ಲದೆ ಆಲಿಸಿ, ಅದರೊಳಗಿನ ಭಾವವನ್ನು ಅವರಿಗೇ ಮರಳಿ ಹೇಳುವುದು ರೋಜರ್ಸ್ ಅವರ ಚಿಕಿತ್ಸಾ ವಿಧಾನದ ಒಂದು ಮುಖ್ಯ ಲಕ್ಷಣವಾಗಿತ್ತು.

೧೯೬೦ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ವರ್ಣಭೇದವನ್ನು ಕೊನೆಗಾಣಿಸುವ ಪ್ರಯತ್ನ ನಡೆದಿದ್ದಾಗ, ಪರಸ್ಪರ ವಿರೋಧಿಗಳಾಗಿದ್ದ ಸಮುದಾಯಗಳ ನಡುವೆ ರೋಸೆನ್‌ಬರ್ಗ್ ಮಧ್ಯಸ್ಥಿಕೆ ವಹಿಸಿದರು. ಈ ಕೆಲಸದಲ್ಲಿ ಅವರ ಪದ್ಧತಿ ರೂಪ ಪಡೆಯಿತು. ೧೯೮೪ರಲ್ಲಿ ಅವರು ಅಹಿಂಸಾತ್ಮಕ ಸಂವಹನ ಕೇಂದ್ರವನ್ನು ಸ್ಥಾಪಿಸಿದರು. ಪದ್ಧತಿಯನ್ನು ವಿವರಿಸುವ ಅವರ ಪ್ರಮುಖ ಪುಸ್ತಕ ‘ನಾನ್‌ವಯಲೆಂಟ್ ಕಮ್ಯುನಿಕೇಶನ್’ ೧೯೯೯ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿರುವ ಅಹಿಂಸೆ ಎಂಬ ಪದವನ್ನು ಅವರು ಮಹಾತ್ಮ ಗಾಂಧಿಯವರ ಅರ್ಥದಲ್ಲಿ ಬಳಸಿದ್ದಾರೆ. ದೈಹಿಕ ಹಿಂಸೆಯನ್ನು ಬಿಡುವುದಷ್ಟೇ ಅಲ್ಲ, ಮನಸ್ಸಿನಿಂದ ಹಿಂಸೆ ಅಡಗಿದಾಗ ಉಳಿಯುವ ಸಹಜ ಕರುಣೆ ಎಂಬುದು ಆ ಅರ್ಥ. ಗಾಂಧಿಯವರ ಮೊಮ್ಮಗ ಅರುಣ್ ಗಾಂಧಿ ಈ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದಾರೆ. ರೋಸೆನ್‌ಬರ್ಗ್ ೨೦೧೫ರ ಫೆಬ್ರವರಿಯಲ್ಲಿ ನಿಧನರಾದರು.

ಕಾರ್ಯಾಗಾರಗಳಲ್ಲಿ ರೋಸೆನ್‌ಬರ್ಗ್ ಎರಡು ಕೈಗೊಂಬೆಗಳನ್ನು ಬಳಸುತ್ತಿದ್ದರು. ತೀರ್ಪು ಮತ್ತು ದೂಷಣೆಯ ಮಾತಿಗೆ ನರಿಯನ್ನೂ, ಕರುಣೆಯ ಮಾತಿಗೆ ನೆಲದ ಮೇಲಿನ ಪ್ರಾಣಿಗಳಲ್ಲೇ ಅತಿ ದೊಡ್ಡ ಹೃದಯವುಳ್ಳದ್ದೆಂದು ಅವರು ವಿವರಿಸುತ್ತಿದ್ದ ಜಿರಾಫೆಯನ್ನೂ ಸಂಕೇತವಾಗಿಸಿದ್ದರು. ಈ ಕಾರಣದಿಂದ ಈ ಪದ್ಧತಿಗೆ ಜಿರಾಫೆ ಭಾಷೆ ಎಂಬ ಹೆಸರೂ ಬಳಕೆಯಲ್ಲಿದೆ.

ನಾಲ್ಕು ಅಂಶಗಳು

ಅವಲೋಕನ: ಕಂಡದ್ದನ್ನೂ ಕೇಳಿದ್ದನ್ನೂ ತೀರ್ಪು ಸೇರಿಸದೆ ಹೇಳುವುದು. “ನೀನು ಯಾವಾಗಲೂ ತಡವಾಗಿ ಬರುತ್ತೀಯ” ಎಂಬುದು ತೀರ್ಪು. “ಈ ವಾರ ಮೂರು ದಿನ ನೀನು ರಾತ್ರಿ ಹತ್ತರ ನಂತರ ಮನೆಗೆ ಬಂದೆ” ಎಂಬುದು ಅವಲೋಕನ. ಯಾವಾಗಲೂ, ಎಂದಿಗೂ, ಒಮ್ಮೆಯಾದರೂ ಮುಂತಾದ ಪದಗಳು ಸಾಮಾನ್ಯವಾಗಿ ಅವಲೋಕನವನ್ನು ಆರೋಪವನ್ನಾಗಿ ಬದಲಾಯಿಸುತ್ತವೆ.

ಭಾವನೆ: ಆ ಕ್ಷಣದಲ್ಲಿ ಒಳಗೆ ಆಗುತ್ತಿರುವುದನ್ನು ಹೆಸರಿಸುವುದು. ಭಯ, ದಣಿವು, ನಿರಾಸೆ, ಸಂತೋಷ, ನೆಮ್ಮದಿ ಇವು ಭಾವನೆಗಳು. ‘ನನ್ನನ್ನು ಕಡೆಗಣಿಸಿದರು’, ‘ನನಗೆ ಮೋಸವಾಯಿತು’ ಎಂಬಂತಹ ಮಾತುಗಳು ಭಾವನೆಯಂತೆ ಕೇಳಿಸಿದರೂ ಇತರರ ವರ್ತನೆಯ ಕುರಿತ ವ್ಯಾಖ್ಯಾನಗಳಾಗಿವೆ.

ಅಗತ್ಯ: ಭಾವನೆಯ ಮೂಲದಲ್ಲಿರುವ, ಎಲ್ಲ ಮನುಷ್ಯರಿಗೂ ಸಮಾನವಾದ ಬೇಕುಗಳನ್ನು ಗುರುತಿಸುವುದು. ಸುರಕ್ಷತೆ, ವಿಶ್ರಾಂತಿ, ಗೌರವ, ಆತ್ಮೀಯತೆ, ಸ್ವಾತಂತ್ರ್ಯ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಅಗತ್ಯವನ್ನೂ ಅದನ್ನು ಪೂರೈಸುವ ಉಪಾಯವನ್ನೂ ಈ ಪದ್ಧತಿ ಬೇರ್ಪಡಿಸುತ್ತದೆ. ವಿಶ್ರಾಂತಿ ಎಂಬುದು ಅಗತ್ಯವಾದರೆ, ಭಾನುವಾರ ನೆಂಟರ ಮನೆಗೆ ಹೋಗದಿರುವುದು ಅದನ್ನು ಪೂರೈಸಬಹುದಾದ ಹಲವು ಉಪಾಯಗಳಲ್ಲಿ ಒಂದು. ಜಗಳಗಳು ಹೆಚ್ಚಾಗಿ ಉಪಾಯಗಳ ಮಟ್ಟದಲ್ಲಿ ನಡೆಯುತ್ತವೆ, ಅಗತ್ಯಗಳ ಮಟ್ಟದಲ್ಲಿ ಅಲ್ಲ ಎಂಬುದು ರೋಸೆನ್‌ಬರ್ಗ್ ಅವರ ನಿಲುವು.

ಕೋರಿಕೆ: ಏನು ಬೇಡ ಎಂಬುದರ ಬದಲು ಏನು ಬೇಕು ಎಂಬುದನ್ನು, ಈಗ ಮಾಡಲು ಸಾಧ್ಯವಾಗುವ ಕೆಲಸದ ರೂಪದಲ್ಲಿ ಕೇಳುವುದು. ಕೋರಿಕೆಗೂ ಆಜ್ಞೆಗೂ ಇರುವ ವ್ಯತ್ಯಾಸ ಪದಗಳಲ್ಲಿಲ್ಲ. ಎದುರಿನವರು ಆಗದು ಎಂದಾಗ ಕೇಳಿದವರು ಕೋಪ ತೋರಿದರೆ ಅಥವಾ ತಪ್ಪಿತಸ್ಥ ಭಾವನೆ ಹುಟ್ಟಿಸಿದರೆ, ಎಷ್ಟೇ ವಿನಯದ ಮಾತಾಗಿದ್ದರೂ ಅದು ಆಜ್ಞೆಯೇ ಆಗಿರುತ್ತದೆ.

ಈ ನಾಲ್ಕನ್ನು ತನ್ನ ಕುರಿತು ಹೇಳಿಕೊಳ್ಳಲು ಬಳಸುವಂತೆಯೇ, ಎದುರಿನವರ ಮಾತಿನಲ್ಲಿ ಅಡಗಿರುವ ಭಾವನೆ ಮತ್ತು ಅಗತ್ಯವನ್ನು ಊಹಿಸಿ ಆಲಿಸಲೂ ಬಳಸಲಾಗುತ್ತದೆ. ತನ್ನನ್ನು ತಾನೇ ಹಳಿದುಕೊಳ್ಳುವ ಮಾತನ್ನು ಇದೇ ಕ್ರಮದಲ್ಲಿ ಪರಿಶೀಲಿಸುವುದಕ್ಕೆ ಸ್ವಾನುಭೂತಿ ಎನ್ನಲಾಗುತ್ತದೆ. ಒಬ್ಬರೇ ಇರುವಾಗ ಮಾಡಬಹುದಾದ ಅಭ್ಯಾಸ ಇದಾದ್ದರಿಂದ ಆ್ಯಪ್‌ಗಳು ಹೆಚ್ಚಾಗಿ ಈ ಭಾಗಕ್ಕೇ ಒದಗುತ್ತವೆ.

ಆ್ಯಪ್‌ಗಳ ಬಗೆಗಳು

ಭಾವನೆಗಳನ್ನು ದಾಖಲಿಸುವ ಆ್ಯಪ್‌ಗಳು

ಈ ಬಗೆಯ ಆ್ಯಪ್‌ಗಳು ದಿನದಲ್ಲಿ ಒಂದೆರಡು ಬಾರಿ ಬಳಕೆದಾರರಿಗೆ ಆ ಹೊತ್ತಿನ ಭಾವನೆಯನ್ನು ಆರಿಸಲು ಕೇಳುತ್ತವೆ. ಇವುಗಳಲ್ಲಿ ಅನೇಕ ಆ್ಯಪ್‌ಗಳ ಹಿಂದೆ ಮನೋವಿಜ್ಞಾನಿ ಜೇಮ್ಸ್ ರಸೆಲ್ ೧೯೮೦ರಲ್ಲಿ ಮಂಡಿಸಿದ ವೃತ್ತ ಮಾದರಿಯ ಛಾಯೆ ಇದೆ. ಈ ಮಾದರಿಯಲ್ಲಿ ಪ್ರತಿ ಭಾವನೆಯನ್ನೂ ಹಿತ ಅಥವಾ ಅಹಿತ ಎಂಬ ಒಂದು ಅಳತೆಯಿಂದಲೂ, ಚೈತನ್ಯ ಹೆಚ್ಚೋ ಕಡಿಮೆಯೋ ಎಂಬ ಇನ್ನೊಂದು ಅಳತೆಯಿಂದಲೂ ಗುರುತಿಸಲಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಭಾವನಾತ್ಮಕ ಬುದ್ಧಿಮತ್ತೆ ಕೇಂದ್ರದ ಮಾರ್ಕ್ ಬ್ರಾಕೆಟ್ ಮತ್ತು ಅವರ ಸಹೋದ್ಯೋಗಿಗಳು ಶಾಲೆಗಳಲ್ಲಿ ಬಳಸುವ ‘ಮೂಡ್ ಮೀಟರ್’ ಇದೇ ತತ್ತ್ವವನ್ನು ನಾಲ್ಕು ಬಣ್ಣಗಳಲ್ಲಿ ತೋರಿಸುತ್ತದೆ. ಕೋಪ ಮತ್ತು ಆತಂಕ ಕೆಂಪು ಭಾಗದಲ್ಲೂ, ಉತ್ಸಾಹ ಹಳದಿಯಲ್ಲೂ, ದುಃಖ ಮತ್ತು ಖಿನ್ನತೆ ನೀಲಿಯಲ್ಲೂ, ನೆಮ್ಮದಿ ಹಸಿರಿನಲ್ಲೂ ಬರುತ್ತವೆ. ಬ್ರಾಕೆಟ್ ಅವರ ಸಹಯೋಗದಲ್ಲಿ ಲಾಭರಹಿತ ಸಂಸ್ಥೆಯೊಂದು ರೂಪಿಸಿದ ‘ಹೌ ವಿ ಫೀಲ್’ ಆ್ಯಪ್ ಈ ನಾಲ್ಕು ಬಣ್ಣಗಳ ಒಳಗೆ ನೂರಕ್ಕೂ ಹೆಚ್ಚು ಭಾವನೆಗಳ ಹೆಸರುಗಳನ್ನೂ ಅವುಗಳ ಅರ್ಥವಿವರಣೆಯನ್ನೂ ಒದಗಿಸುತ್ತದೆ. ‘ಡೇಲಿಯೊ’ ಐದು ಮುಖಚಿಹ್ನೆಗಳಿಂದ ಆರಂಭಿಸಿ, ಆ ದಿನ ಮಾಡಿದ ಕೆಲಸಗಳೊಂದಿಗೆ ಮನಃಸ್ಥಿತಿಯನ್ನು ಜೋಡಿಸುತ್ತದೆ. ಆ್ಯಪಲ್ ಕಂಪನಿ ೨೦೨೩ರಿಂದ ತನ್ನ ಐಫೋನ್‌ನ ಆರೋಗ್ಯ ಆ್ಯಪ್‌ನಲ್ಲೇ ಮನಃಸ್ಥಿತಿಯನ್ನು ದಾಖಲಿಸುವ ಅವಕಾಶ ನೀಡಿದೆ.

ದಿನಚರಿ ಬರೆಯುವ ಆ್ಯಪ್‌ಗಳು

ಇವು ಕಿರುಪ್ರಶ್ನೆಗಳ ಮೂಲಕ ಬರವಣಿಗೆಯನ್ನು ಪ್ರೇರೇಪಿಸುತ್ತವೆ. ಇಂದು ಯಾವ ಮಾತು ಮನಸ್ಸಿಗೆ ನಾಟಿತು, ಆಗ ದೇಹದಲ್ಲಿ ಏನಾಯಿತು, ಏನು ಬೇಕಿತ್ತು ಎಂಬಂತಹ ಪ್ರಶ್ನೆಗಳು ಇವುಗಳಲ್ಲಿರುತ್ತವೆ. ಫೋನಿನಲ್ಲಿ ಮೊದಲೇ ಇರುವ ಸಾಧಾರಣ ಟಿಪ್ಪಣಿ ಆ್ಯಪ್ ಕೂಡ ಈ ಉದ್ದೇಶಕ್ಕೆ ಸಾಕಾಗುತ್ತದೆ.

ನಾಲ್ಕು ಹಂತಗಳ ಆ್ಯಪ್‌ಗಳು

ಅಹಿಂಸಾತ್ಮಕ ಸಂವಹನಕ್ಕೆಂದೇ ರೂಪಿಸಿದ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಭಾವನೆಗಳ ಪಟ್ಟಿ, ಅಗತ್ಯಗಳ ಪಟ್ಟಿ ಹಾಗೂ ನಾಲ್ಕು ಅಂಶಗಳನ್ನು ಒಂದೊಂದಾಗಿ ತುಂಬುವ ನಮೂನೆ ಇರುತ್ತದೆ. ಕಾರ್ಯಾಗಾರಗಳಲ್ಲಿ ಬಳಸುವ ಭಾವನೆ ಮತ್ತು ಅಗತ್ಯಗಳ ಚೀಟಿಗಳನ್ನು ಪರದೆಯ ಮೇಲೆ ತಂದಂತೆ ಇವು ಕೆಲಸ ಮಾಡುತ್ತವೆ. ಕೆಲವು ನಮೂನೆಗಳಲ್ಲಿ ಎದುರಿನವರ ಭಾವನೆ ಮತ್ತು ಅಗತ್ಯವನ್ನು ಊಹಿಸಿ ಬರೆಯುವ ಪ್ರತ್ಯೇಕ ಭಾಗವೂ ಇರುತ್ತದೆ.

ಸಂಭಾಷಣೆ ನಡೆಸುವ ಆ್ಯಪ್‌ಗಳು

ಬಳಕೆದಾರರೊಡನೆ ಬರಹದ ಮೂಲಕ ಮಾತನಾಡುವ ತಂತ್ರಾಂಶಗಳ ಇತಿಹಾಸ ಮೊಬೈಲ್ ಫೋನಿಗಿಂತ ಹಳೆಯದು. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರು ರೂಪಿಸಿ ೧೯೬೬ರಲ್ಲಿ ಪ್ರಕಟಿಸಿದ ‘ಎಲೈಜಾ’ ಎಂಬ ತಂತ್ರಾಂಶ, ರೋಜರ್ಸ್ ಪದ್ಧತಿಯ ಚಿಕಿತ್ಸಕರನ್ನು ಅನುಕರಿಸಿ, ಬಳಕೆದಾರರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ರೋಸೆನ್‌ಬರ್ಗ್ ಅವರ ಪದ್ಧತಿಗೂ ಈ ತಂತ್ರಾಂಶಕ್ಕೂ ಹೀಗೆ ರೋಜರ್ಸ್ ಅವರ ವಿಧಾನವೇ ಸಮಾನ ಮೂಲವಾಗಿದೆ. ಅದು ಯಂತ್ರವೆಂದು ತಿಳಿದೂ ಜನರು ಅದರೊಡನೆ ಅಂತರಂಗವನ್ನು ತೋಡಿಕೊಂಡದ್ದು ವೈಜೆನ್‌ಬಾಮ್ ಅವರನ್ನು ಕಳವಳಕ್ಕೆ ಈಡುಮಾಡಿತು. ಮುಂದೆ ಅವರು ಇಂತಹ ಬಳಕೆಯ ಪ್ರಮುಖ ಟೀಕಾಕಾರರಲ್ಲಿ ಒಬ್ಬರಾದರು.

ಸ್ಮಾರ್ಟ್‌ಫೋನ್ ಯುಗದಲ್ಲಿ ‘ವೋಬಾಟ್’ ಮತ್ತು ಬೆಂಗಳೂರಿನಲ್ಲಿ ಆರಂಭವಾದ ‘ವೈಸಾ’ ಈ ಬಗೆಯ ಪ್ರಸಿದ್ಧ ಆ್ಯಪ್‌ಗಳಾದವು. ಇವು ಅಹಿಂಸಾತ್ಮಕ ಸಂವಹನಕ್ಕಿಂತ ಹೆಚ್ಚಾಗಿ ಅರಿವಿನ ವರ್ತನಾ ಚಿಕಿತ್ಸೆಯ ತಂತ್ರಗಳನ್ನು ಆಧರಿಸಿವೆ. ವೋಬಾಟ್ ಆ್ಯಪ್‌ನ ಸೇವೆ ೨೦೨೫ರ ಜೂನ್‌ನಲ್ಲಿ ನಿಂತಿತು. ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ, ಕೋಪದಲ್ಲಿ ಬರೆದ ಸಂದೇಶವನ್ನು ನಾಲ್ಕು ಅಂಶಗಳ ರೂಪಕ್ಕೆ ತಿದ್ದಿಕೊಡುವಂತೆ ಸಾಮಾನ್ಯ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳುವ ರೂಢಿಯೂ ಬೆಳೆದಿದೆ.

ಅಭ್ಯಾಸದ ಕ್ರಮ

ಆ್ಯಪ್ ಬಳಸಿ ಮಾಡುವ ಅಭ್ಯಾಸವನ್ನು ಮಾತುಕತೆಗೆ ಮುಂಚೆ, ಮಾತುಕತೆಯಲ್ಲಿ ಮತ್ತು ಮಾತುಕತೆಯ ನಂತರ ಎಂದು ಮೂರು ಘಟ್ಟಗಳಾಗಿ ನೋಡಬಹುದು. ಮುಂದಿನ ಕಾಲ್ಪನಿಕ ಉದಾಹರಣೆ ಇದನ್ನು ವಿವರಿಸುತ್ತದೆ.

ವಯಸ್ಸಾದ ತಾಯಿಯನ್ನು ಪದೇ ಪದೇ ಆಸ್ಪತ್ರೆಗೆ ಕರೆದೊಯ್ಯುವ ಜವಾಬ್ದಾರಿ ತಂಗಿಯೊಬ್ಬಳ ಮೇಲೆ ಬಿದ್ದಿದೆ. ಅದೇ ಊರಿನಲ್ಲಿರುವ ಅಣ್ಣನ ಮೇಲೆ ಅವಳಿಗೆ ಸಿಟ್ಟಿದೆ. ರಾತ್ರಿ ಅವಳು ಆ್ಯಪ್ ತೆರೆದು ಮೊದಲು ಬರೆಯುವ ವಾಕ್ಯ, “ಅಣ್ಣನಿಗೆ ಅಮ್ಮನ ಮೇಲೆ ಕಾಳಜಿಯೇ ಇಲ್ಲ” ಎಂಬುದು. ಇದು ತೀರ್ಪಾಗಿರುವುದರಿಂದ, ನಡೆದದ್ದು ಏನು ಎಂಬ ಪ್ರಶ್ನೆಗೆ ಉತ್ತರವಾಗಿ “ಈ ತಿಂಗಳು ಮೂರು ಸಲವೂ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು” ಎಂದು ತಿದ್ದುತ್ತಾಳೆ. ಭಾವನೆಗಳ ಪಟ್ಟಿಯಲ್ಲಿ ಮೊದಲು ಕೋಪವನ್ನು ಆರಿಸಿ, ಮತ್ತೆ ಪಟ್ಟಿಯನ್ನು ನೋಡಿದಾಗ ದಣಿವು, ಒಂಟಿತನ ಮತ್ತು ತಾಯಿಯ ಆರೋಗ್ಯದ ಬಗ್ಗೆ ಭಯ ಎಂಬ ಮೂರು ಪದಗಳು ಹೆಚ್ಚು ಸರಿಯೆನಿಸುತ್ತವೆ. ಅಗತ್ಯಗಳ ಪಟ್ಟಿಯಿಂದ ನೆರವು ಮತ್ತು ಜೊತೆ ಎಂಬ ಪದಗಳನ್ನು ಆರಿಸುತ್ತಾಳೆ. ಎದುರಿನವರ ಭಾಗದಲ್ಲಿ, ಅಣ್ಣನಿಗೆ ರಜೆ ಕೇಳುವುದು ಕಷ್ಟವಾಗಿರಬಹುದೇ ಎಂಬ ಒಂದು ಊಹೆಯನ್ನು ಬರೆಯುತ್ತಾಳೆ. ಆ್ಯಪ್‌ನ ಕೆಲಸ ಇಲ್ಲಿಗೆ ಮುಗಿಯುತ್ತದೆ.

ಮರುದಿನ ಅವಳು ಅಣ್ಣನೊಡನೆ ಆಡುವ ಮಾತು ನಮೂನೆಯ ವಾಕ್ಯದಂತೆ ಇರಬೇಕಾಗಿಲ್ಲ. “ಅಣ್ಣಾ, ಈ ತಿಂಗಳು ಮೂರು ಸಲವೂ ಅಮ್ಮನ್ನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ನಂಗೆ ತುಂಬಾ ಸುಸ್ತಾಗಿದೆ, ಒಬ್ಬಳೇ ಅನ್ನೋ ಹೆದರಿಕೇನೂ ಇದೆ. ಮುಂದಿನ ಗುರುವಾರ ನೀನು ಕರ್ಕೊಂಡು ಹೋಗೋಕೆ ಆಗುತ್ತಾ?” ಎಂದು ಮನೆಯ ಮಾತಿನಲ್ಲೇ ಕೇಳಿದರೂ ನಾಲ್ಕು ಅಂಶಗಳು ಅದರಲ್ಲಿ ಅಡಕವಾಗಿರುತ್ತವೆ. ಪದ್ಧತಿಯ ನಿಜವಾದ ಪರೀಕ್ಷೆ ಅಣ್ಣನ ಉತ್ತರದ ನಂತರ ಆರಂಭವಾಗುತ್ತದೆ. “ಗುರುವಾರ ಆಗಲ್ಲ, ಆಫೀಸಿನಲ್ಲಿ ಜನರನ್ನ ತೆಗೀತಿದ್ದಾರೆ” ಎಂದು ಅವನು ಹೇಳಿದರೆ, ಅದನ್ನು ನೆಪವೆಂದು ತಳ್ಳಿಹಾಕುವುದೋ ಅದರೊಳಗಿನ ಭಯವನ್ನು ಕೇಳಿಸಿಕೊಳ್ಳುವುದೋ ಎಂಬ ಆಯ್ಕೆ ಅವಳ ಮುಂದಿರುತ್ತದೆ. ಅವನ ಭಯವನ್ನು ಕೇಳಿಸಿಕೊಂಡರೂ ತನ್ನ ಅಗತ್ಯವನ್ನು ಬಿಟ್ಟುಕೊಡಬೇಕಾಗಿಲ್ಲ. ಶನಿವಾರದ ಸಮಯ ಸಿಗುತ್ತದೆಯೇ ಎಂದು ಇಬ್ಬರೂ ಸೇರಿ ನೋಡುವುದು, ಆಟೊ ಮತ್ತು ಔಷಧದ ಖರ್ಚನ್ನು ಅಣ್ಣ ವಹಿಸಿಕೊಳ್ಳುವುದು ಮುಂತಾದ ಬೇರೆ ಉಪಾಯಗಳು ಆಗ ತೆರೆದುಕೊಳ್ಳುತ್ತವೆ.

ಮಾತುಕತೆಯ ನಂತರ ಮತ್ತೆ ಆ್ಯಪ್‌ನಲ್ಲಿ ಎರಡು ಸಾಲು ಬರೆಯುವುದು ಮೂರನೆಯ ಘಟ್ಟ. ಎಲ್ಲಿ ದನಿ ಏರಿತು, ಯಾವ ಊಹೆ ತಪ್ಪಾಯಿತು, ಯಾವುದು ಕೇಳದೆ ಉಳಿಯಿತು ಎಂಬುದನ್ನು ದಾಖಲಿಸಿದರೆ, ಕೆಲವು ವಾರಗಳಲ್ಲಿ ಒಂದೇ ಬಗೆಯ ಸನ್ನಿವೇಶಗಳು ಮರಳಿ ಬರುವುದನ್ನು ಗುರುತಿಸಲು ಸಾಧ್ಯವಾಗುತ್ತದೆ.

ಕನ್ನಡದಲ್ಲಿ ಭಾವನೆಗಳನ್ನು ಹೆಸರಿಸುವುದು

ಮೇಲೆ ಹೆಸರಿಸಿದ ಆ್ಯಪ್‌ಗಳ ಭಾವನೆಗಳ ಪಟ್ಟಿಗಳು ಮೂಲತಃ ಇಂಗ್ಲಿಷಿನಲ್ಲಿ ರೂಪುಗೊಂಡಿವೆ. ಕನ್ನಡದಲ್ಲಿ ಯೋಚಿಸುವವರು ಅವುಗಳನ್ನು ಬಳಸುವಾಗ ಕೆಲವು ವಿಶೇಷಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ವಾಕ್ಯರಚನೆ. ಕನ್ನಡದಲ್ಲಿ ಭಾವನೆಯನ್ನು ಹೇಳುವಾಗ ಅನುಭವಿಸುವ ವ್ಯಕ್ತಿ ಸಾಮಾನ್ಯವಾಗಿ ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾನೆ: ‘ನನಗೆ ಕೋಪ ಬಂತು’, ‘ನನಗೆ ಭಯವಾಗುತ್ತಿದೆ’. ಇಲ್ಲಿ ಭಾವನೆ ಎಂಬುದು ವ್ಯಕ್ತಿಯ ಗುಣವಲ್ಲ, ವ್ಯಕ್ತಿಗೆ ಬಂದು ಹೋಗುವ ಸಂಗತಿ. ಯಾರನ್ನೂ ದೂಷಿಸದೆ ಭಾವನೆಯನ್ನು ತನ್ನದೆಂದು ಹೇಳಿಕೊಳ್ಳಲು ಈ ರಚನೆ ಅನುಕೂಲಕರ. ‘ನಿನ್ನಿಂದ ನನಗೆ ಬೇಜಾರಾಯಿತು’ ಎಂದಾಗ ಮಾತ್ರ ಕಾರಣ ಎದುರಿನವರ ಮೇಲೆ ಬೀಳುತ್ತದೆ.

ಎರಡನೆಯದು ‘ಅನಿಸು’ ಎಂಬ ಕ್ರಿಯಾಪದ. ‘ನನಗೆ ಹೀಗನಿಸುತ್ತದೆ’ ಎಂಬುದು ಭಾವನೆಗೂ ಅಭಿಪ್ರಾಯಕ್ಕೂ ಸಮಾನವಾಗಿ ಸಲ್ಲುತ್ತದೆ. ಅನಿಸಿಕೆ ಎಂಬ ನಾಮಪದಕ್ಕಂತೂ ಅಭಿಪ್ರಾಯ ಎಂಬ ಅರ್ಥವೇ ಪ್ರಧಾನ. ‘ನೀವು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅನಿಸುತ್ತದೆ’ ಎಂಬ ವಾಕ್ಯದಲ್ಲಿ ಭಾವನೆಯ ಹೆಸರು ಇಲ್ಲ. ಅದರ ಹಿಂದಿರುವ ನೋವನ್ನೋ ಅವಮಾನವನ್ನೋ ಬೇರೆಯಾಗಿ ಹುಡುಕಬೇಕಾಗುತ್ತದೆ.

ಮೂರನೆಯದು ಪದಸಂಪತ್ತು. ದಿನಬಳಕೆಯಲ್ಲಿ ‘ಬೇಜಾರು’ ಎಂಬ ಒಂದೇ ಪದ ದುಃಖ, ಏಕತಾನತೆ, ಅಸಮಾಧಾನ, ನಿರಾಸೆ ಎಲ್ಲಕ್ಕೂ ಬಳಕೆಯಾಗುತ್ತದೆ. ‘ಟೆನ್ಶನ್’ ಎಂಬ ಪದ ಆತಂಕ, ಒತ್ತಡ, ಗಡಿಬಿಡಿಗಳನ್ನು ಒಟ್ಟಿಗೆ ಸೂಚಿಸುತ್ತದೆ. ಆದರೆ ಸೂಕ್ಷ್ಮ ಭೇದಗಳನ್ನು ಹೇಳುವ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಸಿಟ್ಟಿನ ಸುತ್ತಲೇ ಕಿರಿಕಿರಿ, ಮುನಿಸು, ರೇಗು, ರೋಷ, ಆಕ್ರೋಶ ಎಂಬ ಪದಗಳಿವೆ. ಅಳುಕು, ಅಂಜಿಕೆ, ದಿಗಿಲು, ಕಳವಳ, ತಳಮಳ ಇವು ಭಯದ ಬೇರೆ ಬೇರೆ ಮಟ್ಟಗಳನ್ನು ಹೇಳುತ್ತವೆ. ಮುಜುಗರ, ಸಂಕೋಚ, ನಾಚಿಕೆ, ಕಸಿವಿಸಿ ಒಂದೇ ಅಲ್ಲ. ಮನಃಸ್ಥಿತಿಗಳಿಗೆ ಸ್ವಂತ ಹೆಸರು ಕೊಡಲು ಅವಕಾಶವಿರುವ ಆ್ಯಪ್‌ಗಳಲ್ಲಿ ಈ ಪದಗಳನ್ನೇ ಸೇರಿಸಿಕೊಳ್ಳಬಹುದು.

ನಾಲ್ಕನೆಯದು ಸಂಬಂಧದ ಮರ್ಯಾದೆ. ಹಿರಿಯರ ಮುಂದೆ ‘ನನ್ನ ಅಗತ್ಯ’ ಎಂದು ನೇರವಾಗಿ ಹೇಳುವುದು ಅನೇಕ ಮನೆಗಳಲ್ಲಿ ಒರಟು ಎನಿಸಬಹುದು. ಅತ್ತೆ, ಮಾವ, ಮೇಲಧಿಕಾರಿ ಅಥವಾ ಗುರುಗಳೊಡನೆ ಮಾತನಾಡುವಾಗ ಬಹುವಚನ ಮತ್ತು ‘ಆಗಬಹುದೇ’, ‘ಅನುಕೂಲವಾಗುತ್ತದೆಯೇ’ ಎಂಬಂತಹ ರೂಪಗಳು ಬೇಕಾಗುತ್ತವೆ. ಇಂಗ್ಲಿಷ್ ನಮೂನೆಯನ್ನು ಪದಶಃ ಕನ್ನಡಕ್ಕೆ ತಂದರೆ ಮಾತು ಕೃತಕವಾಗಿ ಕೇಳಿಸುತ್ತದೆ.

ಸಂಶೋಧನೆ

ಆ್ಯಪ್‌ಗಳ ಬಿಡಿ ಅಂಶಗಳಿಗೆ ಸಂಬಂಧಿಸಿದ ಸಂಶೋಧನೆ ಹಲವು ದಶಕಗಳಿಂದ ನಡೆದಿದೆ. ೧೯೮೬ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ ದಿನಕ್ಕೆ ೧೫ ನಿಮಿಷ ಬರೆದರು. ಆಘಾತಕಾರಿ ಅನುಭವವನ್ನೂ ಅದರ ಭಾವನೆಗಳನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ಸಂಕಟ ಹೆಚ್ಚಿದರೂ, ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಅವರ ಭೇಟಿಗಳು ಕಡಿಮೆಯಾಗಿದ್ದವು. ೨೦೦೭ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು, ಭಾವನೆ ತುಂಬಿದ ಮುಖಗಳ ಚಿತ್ರಗಳನ್ನು ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲಾ ಭಾಗದ ಪ್ರತಿಕ್ರಿಯೆ ತಗ್ಗುವುದನ್ನು ಚಿತ್ರಣ ತಂತ್ರದಿಂದ ತೋರಿಸಿದರು.

ಸಂಭಾಷಣೆ ನಡೆಸುವ ಆ್ಯಪ್‌ಗಳ ಕುರಿತು, ೨೦೧೭ರಲ್ಲಿ ಪ್ರಕಟವಾದ ವೋಬಾಟ್ ಅಧ್ಯಯನದಲ್ಲಿ ೧೮ರಿಂದ ೨೮ ವರ್ಷದ ೭೦ ಮಂದಿ ಭಾಗವಹಿಸಿದ್ದರು. ಎರಡು ವಾರಗಳಲ್ಲಿ ಅದನ್ನು ಬಳಸಿದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು. ಅಧ್ಯಯನದ ಅವಧಿ ಅಲ್ಪವಾಗಿದ್ದುದು ಮತ್ತು ಅದರ ಲೇಖಕರಲ್ಲಿ ಆ್ಯಪ್‌ನ ಸ್ಥಾಪಕಿಯೂ ಇದ್ದದ್ದು ಅದರ ಫಲಿತಾಂಶವನ್ನು ಓದುವಾಗ ನೆನಪಿನಲ್ಲಿಡಬೇಕಾದ ಸಂಗತಿಗಳು.

ಬಳಕೆಯ ನಿರಂತರತೆ ಈ ಕ್ಷೇತ್ರದ ಮುಖ್ಯ ಸಮಸ್ಯೆ. ಅಮಿತ್ ಬೌಮೆಲ್ ಮತ್ತು ಸಂಗಡಿಗರು ೨೦೧೯ರಲ್ಲಿ ೯೩ ಮಾನಸಿಕ ಆರೋಗ್ಯ ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿದಾಗ, ಆ್ಯಪ್ ಹಾಕಿಕೊಂಡವರಲ್ಲಿ ೧೫ನೆಯ ದಿನಕ್ಕೆ ಉಳಿದವರ ಮಧ್ಯಾಂಕ ಪ್ರಮಾಣ ಶೇ. ೩.೯ ಮತ್ತು ೩೦ನೆಯ ದಿನಕ್ಕೆ ಶೇ. ೩.೩ ಆಗಿತ್ತು. ಅಹಿಂಸಾತ್ಮಕ ಸಂವಹನದ ತರಬೇತಿ ಅನುಭೂತಿಯನ್ನು ಹೆಚ್ಚಿಸುತ್ತದೆಯೇ ಎಂಬ ಬಗ್ಗೆ ಶಾಲೆ, ಆರೋಗ್ಯ ಸೇವೆ ಮತ್ತು ಕಾರಾಗೃಹಗಳಲ್ಲಿ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ, ಮುಖಾಮುಖಿ ತರಬೇತಿಯ ಸಂದರ್ಭದಲ್ಲಿ ನಡೆದವು. ಆದ್ದರಿಂದ ಅವುಗಳ ಫಲಿತಾಂಶವನ್ನು ನೇರವಾಗಿ ಆ್ಯಪ್‌ಗಳಿಗೆ ಅನ್ವಯಿಸಲಾಗದು.

ಟೀಕೆ ಮತ್ತು ಮಿತಿಗಳು

ಸೂತ್ರಬದ್ಧತೆ: ನಾಲ್ಕು ಖಾನೆಗಳನ್ನು ತುಂಬಿದರೆ ಸಂವಹನ ಪೂರ್ಣವಾಯಿತು ಎಂಬ ಭ್ರಮೆಯನ್ನು ಆ್ಯಪ್‌ನ ನಮೂನೆ ಉಂಟುಮಾಡಬಹುದು. ಸೂತ್ರವು ಕರುಣೆಯ ಸಂಬಂಧವನ್ನು ಬೆಳೆಸುವ ಸಾಧನವೇ ಹೊರತು ಗುರಿಯಲ್ಲ ಎಂದು ರೋಸೆನ್‌ಬರ್ಗ್ ಅವರೇ ಒತ್ತಿ ಹೇಳುತ್ತಿದ್ದರು. ಸರಿಯಾದ ಪದಗಳನ್ನು ಬಳಸಿಯೂ ಎದುರಿನವರನ್ನು ತನ್ನ ದಾರಿಗೆ ತರುವುದೇ ಉದ್ದೇಶವಾದರೆ ಅದು ಸಂವಹನವಲ್ಲ, ಕುಶಲ ಒತ್ತಾಯ.

ಒಪ್ಪಿಗೆಯ ಪ್ರತಿಧ್ವನಿ: ಆ್ಯಪ್ ಕೇಳುವುದು ಒಬ್ಬರ ಪಕ್ಷವನ್ನು ಮಾತ್ರ. ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆದಾರರನ್ನು ಮೆಚ್ಚಿಸುವ ಉತ್ತರಗಳತ್ತ ವಾಲುವುದು ಕಂಡುಬಂದಿದೆ. ೨೦೨೫ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ಇದೇ ಕಾರಣಕ್ಕೆ ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆಯನ್ನು ಹಿಂದಕ್ಕೆ ಪಡೆಯಿತು. ತನ್ನ ನೋವಿಗೆ ಸದಾ ಸಮ್ಮತಿ ದೊರೆಯುವ ಕಡೆ, ಎದುರಿನವರ ಅಗತ್ಯವನ್ನು ಊಹಿಸುವ ಅಭ್ಯಾಸ ದುರ್ಬಲವಾಗುವ ಸಾಧ್ಯತೆ ಇದೆ.

ಅಧಿಕಾರದ ಅಸಮಾನತೆ: ಜಾತಿ, ಲಿಂಗ, ಉದ್ಯೋಗ ಅಥವಾ ಕುಟುಂಬದೊಳಗಿನ ಸ್ಥಾನದ ಕಾರಣದಿಂದ ದುರ್ಬಲರಾಗಿರುವವರ ಮೇಲೆಯೇ ಮೃದುವಾಗಿ ಮಾತನಾಡುವ ಹೊರೆ ಬೀಳುತ್ತದೆ ಎಂಬುದು ಈ ಪದ್ಧತಿಯ ಮೇಲಿರುವ ಪ್ರಮುಖ ಟೀಕೆ. ಅನ್ಯಾಯವೊಂದು ಕೇವಲ ಭಾವನೆಯ ವಿಷಯವಾಗಿ ಕುಗ್ಗಬಾರದು ಎಂದು ಟೀಕಾಕಾರರು ವಾದಿಸುತ್ತಾರೆ. ಹಾನಿಯನ್ನು ತಡೆಯಲು ಬಳಸುವ ರಕ್ಷಣಾತ್ಮಕ ಬಲವನ್ನು ಶಿಕ್ಷಿಸಲು ಬಳಸುವ ಬಲದಿಂದ ರೋಸೆನ್‌ಬರ್ಗ್ ಬೇರ್ಪಡಿಸಿದ್ದರು. ದೈಹಿಕ ಹಿಂಸೆ ಅಥವಾ ಬೆದರಿಕೆ ಇರುವಲ್ಲಿ ಮಾತಿನ ಅಭ್ಯಾಸಕ್ಕಿಂತ ಸುರಕ್ಷತೆಗೆ ಆದ್ಯತೆ ಸಲ್ಲಬೇಕು. ಭಾರತದಲ್ಲಿ ತುರ್ತು ನೆರವಿಗೆ ೧೧೨, ಮಹಿಳಾ ಸಹಾಯವಾಣಿಗೆ ೧೮೧ ಮತ್ತು ಮಕ್ಕಳ ಸಹಾಯವಾಣಿಗೆ ೧೦೯೮ ಸಂಖ್ಯೆಗಳಿವೆ.

ಚಿಕಿತ್ಸೆಯ ಗಡಿ: ದೀರ್ಘಕಾಲದ ಖಿನ್ನತೆ, ನಿದ್ರಾಹೀನತೆ ಅಥವಾ ಸಾವಿನ ಯೋಚನೆಗಳಿರುವಾಗ ಆ್ಯಪ್‌ನ ಅಭ್ಯಾಸ ವೈದ್ಯಕೀಯ ನೆರವಿಗೆ ಪರ್ಯಾಯವಲ್ಲ. ೨೦೨೫ರ ಆಗಸ್ಟ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯ, ಪರವಾನಗಿ ಪಡೆದ ವೃತ್ತಿಪರರಿಲ್ಲದೆ ಕೃತಕ ಬುದ್ಧಿಮತ್ತೆಯಿಂದ ಮಾನಸಿಕ ಚಿಕಿತ್ಸೆ ನೀಡುವುದನ್ನು ಕಾನೂನಿನ ಮೂಲಕ ನಿಷೇಧಿಸಿತು.

ಮಾಹಿತಿಯ ಗೋಪ್ಯತೆ

ಭಾವನೆಗಳ ದಾಖಲೆಯಲ್ಲಿ ಬರೆಯುವವರ ಅಂತರಂಗ ಮಾತ್ರವಲ್ಲ, ಅವರ ಕುಟುಂಬದವರ ಮತ್ತು ಸಹೋದ್ಯೋಗಿಗಳ ವಿಷಯವೂ ಇರುತ್ತದೆ. ಇಂತಹ ಮಾಹಿತಿ ಜಾಹೀರಾತುದಾರರ ಕೈ ಸೇರಿದ ನಿದರ್ಶನ ಇದೆ. ಆನ್‌ಲೈನ್ ಆಪ್ತಸಮಾಲೋಚನೆ ನೀಡುವ ಬೆಟರ್‌ಹೆಲ್ಪ್ ಸಂಸ್ಥೆ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಮೊದಲಾದ ಕಂಪನಿಗಳೊಡನೆ ಹಂಚಿಕೊಂಡಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೨೩ರಲ್ಲಿ ಆರೋಪಿಸಿತು. ತಪ್ಪನ್ನು ಒಪ್ಪಿಕೊಳ್ಳದೆಯೇ ಸಂಸ್ಥೆ ೭೮ ಲಕ್ಷ ಡಾಲರ್ ಪಾವತಿಸಲು ಸಮ್ಮತಿಸಿತು. ಭಾರತದಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಲಾಯಿತು.

ಆ್ಯಪ್ ಆರಿಸುವಾಗ ದಾಖಲೆಗಳು ಫೋನಿನಲ್ಲೇ ಉಳಿಯುತ್ತವೆಯೇ, ಅವುಗಳನ್ನು ಪೂರ್ಣವಾಗಿ ಅಳಿಸಲು ಸಾಧ್ಯವೇ, ಸೇವೆ ನಿಂತರೆ ಬರಹಗಳನ್ನು ಹೊರತೆಗೆದುಕೊಳ್ಳಬಹುದೇ ಎಂಬುದನ್ನು ಗಮನಿಸುವುದು ಉಚಿತ. ಒಂದೇ ಫೋನನ್ನು ಮನೆಯವರೆಲ್ಲ ಬಳಸುವಲ್ಲಿ ಆ್ಯಪ್‌ಗೆ ಪ್ರತ್ಯೇಕ ಗುಪ್ತಸಂಖ್ಯೆ ಇಡುವುದು ಮತ್ತು ಪರದೆಯ ಮೇಲೆ ಕಾಣಿಸುವ ಸೂಚನೆಗಳನ್ನು ನಿಲ್ಲಿಸುವುದು ಅವಶ್ಯ. ಬರಹದಲ್ಲಿ ಇತರರ ಪೂರ್ಣ ಹೆಸರನ್ನು ಬರೆಯದಿರುವುದು ಅವರ ಗೋಪ್ಯತೆಗೂ ಒಳಿತು.

ಭಾರತದಲ್ಲಿ

ಅಹಿಂಸೆ ಎಂಬ ಪರಿಕಲ್ಪನೆ ಗಾಂಧಿಯವರ ಮೂಲಕ ರೋಸೆನ್‌ಬರ್ಗ್ ಅವರನ್ನು ತಲುಪಿದ ಕಾರಣ ಈ ಪದ್ಧತಿಗೆ ಭಾರತದೊಡನೆ ಮೊದಲಿನಿಂದಲೂ ನಂಟಿದೆ. ತೀರ್ಪಿಲ್ಲದೆ ಗಮನಿಸುವುದರ ಕುರಿತು ಬರೆಯುವಾಗ ಅವರು ಜಿಡ್ಡು ಕೃಷ್ಣಮೂರ್ತಿಯವರ ವಿಚಾರವನ್ನೂ ಉಲ್ಲೇಖಿಸಿದ್ದಾರೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರು ೨೦೧೪ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದಾಗ, ಕಂಪನಿಯ ಹಿರಿಯ ಅಧಿಕಾರಿಗಳಿಗೆ ಈ 'ನಾನ್‌ವಯಲೆಂಟ್ ಕಮ್ಯುನಿಕೇಶನ್' ಪುಸ್ತಕವನ್ನು ಓದಲು ಸೂಚಿಸಿದ್ದು ತಂತ್ರಜ್ಞಾನ ವಲಯದಲ್ಲಿ ಅದಕ್ಕೆ ಹೊಸ ಓದುಗರನ್ನು ತಂದಿತು.

ಮಾನಸಿಕ ಆರೋಗ್ಯದ ನೆರವಿಗಾಗಿ ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರ್ ೧೦ರಂದು ಟೆಲಿ-ಮಾನಸ್ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆಯಾಗಿದ್ದು, ತಾಂತ್ರಿಕ ನೆರವನ್ನು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ನೀಡುತ್ತದೆ. ೧೪೪೧೬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಆಪ್ತಸಮಾಲೋಚಕರೊಡನೆ ಮಾತನಾಡಬಹುದು. ೨೦೨೪ರಲ್ಲಿ ಇದರ ಮೊಬೈಲ್ ಆ್ಯಪ್ ಕೂಡ ಬಿಡುಗಡೆಯಾಗಿದೆ. ಸ್ವಂತ ಅಭ್ಯಾಸದಿಂದ ನಿಭಾಯಿಸಲಾಗದ ಸಂಕಟ ಎದುರಾದಾಗ ನೆರವು ಪಡೆಯಲು ಇದೊಂದು ದಾರಿ.